ಒಂಬತ್ತು ರೇಕ್, ಎರಡು ಪಟ್ಟಿ: ಒಂದೇ ಎಪಿಸೋಡಿನ ಹಿಂದೆ ಬಿದ್ದ ಕಥೆ

ಮೊದಲ ವಾರ

ಕೆಲಸ ಇಷ್ಟೇ. ಅಮೆರಿಕದ ಕಾರ್ಟೂನ್ ಸರಣಿ ‘ದಿ ಸಿಂಪ್ಸನ್ಸ್’ನ ಒಂದು ಎಪಿಸೋಡ್ ಹಿಡಿದು, ನಿಲ್ಲಿಸಿ ನಿಲ್ಲಿಸಿ ನೋಡಿ, ಎರಡು ಪಟ್ಟಿ ಮಾಡೋದು. ಬೇರೆ ಸಿನಿಮಾ, ನಾಟಕಗಳಿಂದ ಎತ್ತಿಕೊಂಡದ್ದೆಲ್ಲ ಒಂದರಲ್ಲಿ. ಚಿತ್ರ ಬಿಡಿಸುವಾಗ ಆದ ತಪ್ಪುಗಳು ಇನ್ನೊಂದರಲ್ಲಿ. ಆರಿಸಿಕೊಂಡದ್ದು ಐದನೇ ಸೀಸನ್ನಿನ ‘ಕೇಪ್ ಫಿಯರ್’. 1993ರ ಅಕ್ಟೋಬರ್ 7ರಂದು ಪ್ರಸಾರವಾದದ್ದು. ಸೈಡ್‌ಶೋ ಬಾಬ್ ಜೈಲಿನಿಂದ ಹೊರಬಂದು ಸಿಂಪ್ಸನ್ ಮನೆಯ ಹುಡುಗ ಬಾರ್ಟ್‌ನನ್ನು ಮುಗಿಸಲು ಹೊರಡುವ ಕಥೆ. ಇಪ್ಪತ್ತು ಚಿಲ್ಲರೆ ನಿಮಿಷ ಅಲ್ವಾ, ಎರಡು ರಾತ್ರಿ ಸಾಕು ಅಂದುಕೊಂಡೆ.

ಮೊದಲ ಪಟ್ಟಿ ಬೇಗ ತುಂಬಿತು. ಹೆಸರೇ 1962ರ ಸಿನಿಮಾದ್ದು. ಅದನ್ನೇ 1991ರಲ್ಲಿ ನಿರ್ದೇಶಕ ಸ್ಕಾರ್ಸೇಸಿ ಮತ್ತೆ ಮಾಡಿದರು. ಕಾರಿನ ಅಡಿಗೆ ಕಟ್ಟಿಕೊಂಡು ಬರುವುದು, ಥಿಯೇಟರಿನಲ್ಲಿ ಸಿಗಾರ್ ಹಚ್ಚಿ ಗಹಗಹಿಸಿ ನಗುವುದು, ಎಲ್ಲ ಅಲ್ಲಿಂದ. ಎದೆ ನಡುಗಿಸುವ ಆ ಸಂಗೀತ ಬರ್ನಾರ್ಡ್ ಹರ್ಮನ್ ಅವರು ಹಳೆಯ ಸಿನಿಮಾಕ್ಕೆ ಮಾಡಿದ್ದು. ಬಾಬ್ ಉಳಿದುಕೊಳ್ಳುವುದು ಬೇಟ್ಸ್ ಮೋಟೆಲ್‌ನಲ್ಲಿ, ಅದು ಹಿಚ್‌ಕಾಕ್‌ರ ‘ಸೈಕೋ’. ಇವೆಲ್ಲ ಯಾರಿಗಾದರೂ ಕಾಣುತ್ತವೆ.

ಖುಷಿ ಕೊಟ್ಟದ್ದು ಬಾಬ್‌ನ ಕೈ. ಒಂದು ಕೈಯ ಬೆರಳುಗಳ ಮೇಲೆ ಎಲ್, ಯು, ವಿ. ಇನ್ನೊಂದರ ಮೇಲೆ ಎಚ್, ಎ, ಟಿ. ಆ ‘ಎ’ ಮೇಲೆ ಒಂದು ಅಡ್ಡಗೆರೆ. 1955ರ ‘ದಿ ನೈಟ್ ಆಫ್ ದಿ ಹಂಟರ್’ನಲ್ಲಿ ರಾಬರ್ಟ್ ಮಿಚಮ್ ಕೈ ಮೇಲೆ ‘ಲವ್’, ‘ಹೇಟ್’ ಅಂತ ನಾಲ್ಕು ನಾಲ್ಕು ಅಕ್ಷರ ಇದ್ದವು. ಸಿಂಪ್ಸನ್ಸ್ ಲೋಕದಲ್ಲಿ ಹೆಬ್ಬೆರಳು ಬಿಟ್ಟರೆ ಇರುವುದು ಮೂರೇ ಬೆರಳು. ನಾಲ್ಕು ಅಕ್ಷರ ಎಲ್ಲಿ ಹಿಡಿಸೋದು? ಸುಮ್ನೆ ಬಿಟ್ಟರೆ ‘ಹೇಟ್’ ಹೋಗಿ ‘ಹ್ಯಾಟ್’, ಟೋಪಿ ಆಗುತ್ತದೆ. ಅದಕ್ಕೇ ಸ್ವರ ಎಳೆದು ಓದಿ ಅನ್ನುವ ಆ ಗೆರೆ. 1962ರ ‘ಕೇಪ್ ಫಿಯರ್’ನ ಖಳನೂ ಇದೇ ಮಿಚಮ್. ಒಂದೇ ನಗೆಯಲ್ಲಿ ಎರಡು ಸಿನಿಮಾ ಮುಗಿಸಿದ್ದಾರೆ.

ಎರಡನೇ ವಾರ

ತಪ್ಪುಗಳ ಪಟ್ಟಿ ಹತ್ತಿರ ಬಂದೆ. ಅಲ್ಲಿಂದ ಎಡವಟ್ಟು ಶುರು.

ಪಾತ್ರ ಕೈ ಬೀಸಿದ ಕಡೆ ನಿಲ್ಲಿಸಿದರೆ ಎರಡು ಕೈ. ತಲೆ ತಿರುಗಿಸಿದ ಕಡೆ ಎರಡು ಮೂಗು. ಒಂದೇ ಸಂಜೆಯಲ್ಲಿ ಎರಡು ಪುಟ ಬರೆದೆ. ಜಾಸ್ತಿ ಆಯ್ತು ಅನ್ನಿಸಿದ ಮೇಲೆ ಒಂದೊಂದೇ ಫ್ರೇಮ್ ಎಣಿಸಿದೆ. ಮೂರು ಸ್ವಚ್ಛ, ಎರಡು ಕಲಸಿದ್ದು. ಮತ್ತೆ ಮೂರು ಸ್ವಚ್ಛ, ಎರಡು ಕಲಸಿದ್ದು. ತಾಳ ಹಾಕಿದ ಹಾಗೆ.

ತಾಳ ತಪ್ಪದೆ ಬರುವ ತಪ್ಪು ಕಲಾವಿದರದ್ದಲ್ಲ. ಚಿತ್ರ ಮಾಡಿದ್ದು ಸೆಕೆಂಡಿಗೆ 24 ಫ್ರೇಮ್. ಅಮೆರಿಕದ ಟಿವಿಗೆ ಬೇಕಿದ್ದದ್ದು ಹತ್ತಿರ ಹತ್ತಿರ 30. ಅದಕ್ಕೆ ನಾಲ್ಕು ಫ್ರೇಮನ್ನು ಐದು ಮಾಡುತ್ತಿದ್ದರು. ಐದರಲ್ಲಿ ಎರಡು, ಅಕ್ಕಪಕ್ಕದ ಎರಡು ಚಿತ್ರಗಳನ್ನು ಗೆರೆ ಬಿಟ್ಟು ಗೆರೆ ಹೆಣೆದವು. ಓಡುವಾಗ ಕಣ್ಣಿಗೆ ತಿಳಿಯೋದಿಲ್ಲ. ನಿಲ್ಲಿಸಿದರೆ ಭೂತ. ಎರಡೂ ಪುಟ ಹೊಡೆದು ಹಾಕಿದೆ.

ಇನ್ನೊಂದು ಪೆಟ್ಟು ಅದೇ ವಾರ ಬಿತ್ತು. ಕೆಲವು ದೃಶ್ಯಗಳಿಗೆ ಬಳಸಿದ್ದ ಎರಡನೇ ಪ್ರತಿ ಅಗಲ ಪರದೆಗೆ ಕತ್ತರಿಸಿದ್ದಾಗಿತ್ತು. ಈ ಎಪಿಸೋಡುಗಳು 4:3 ಚೌಕಟ್ಟಿನವು. 16:9 ಮಾಡಲು ಮೇಲೆ ಕೆಳಗೆ ಸೇರಿಸಿ ಕಾಲು ಭಾಗ ಚಿತ್ರ ಹಾರಿಸುತ್ತಾರೆ. ಬಾರ್ಟ್ ತಲೆಯ ಒಂಬತ್ತು ಮೊನೆ ಎಣಿಸೋಣ ಅಂದರೆ ಮೊನೆಗಳೇ ಇಲ್ಲ! ಇದರಿಂದ ಸತ್ತ ನಗೆ ಎಂದರೆ ನಾಲ್ಕನೇ ಸೀಸನ್ನಿನ ‘ಡಫ್‌ಲೆಸ್’ನದು. ಡಫ್, ಡಫ್ ಲೈಟ್, ಡಫ್ ಡ್ರೈ ಅಂತ ಮೂರು ಬಿಯರ್ ತೊಟ್ಟಿ. ಮೂರಕ್ಕೂ ಮೇಲಿಂದ ಬರುವುದು ಒಂದೇ ಪೈಪ್. ಕತ್ತರಿಸಿದ ಪ್ರತಿಯಲ್ಲಿ ಆ ಪೈಪೇ ಕಾಣುವುದಿಲ್ಲ.

ನಿಜವಾದ ತಪ್ಪು ಹೇಗಿರುತ್ತದೆ ಅಂತ ಮರೆಯಬಾರದೆಂದು ಪುಟದ ಮೇಲೆ ಒಂದು ಉದಾಹರಣೆ ಬರೆದಿಟ್ಟಿದ್ದೇನೆ. 1990ರ ಜನವರಿಯಲ್ಲಿ ಬಂದ ‘ಹೋಮರ್ಸ್ ಒಡಿಸ್ಸಿ’ ಎಪಿಸೋಡ್. ಅದರಲ್ಲಿ ಸ್ಮಿದರ್ಸ್ ಅನ್ನುವ ಪಾತ್ರದ ಮೈ ಕಂದು, ಕೂದಲು ನೀಲಿ. ಬಣ್ಣ ಹಚ್ಚುವಾಗ ಆದ ಎಡವಟ್ಟು. ಆಮೇಲೆ ಎಲ್ಲರ ಹಾಗೆ ಹಳದಿಯಾದ.

ನಾಲ್ಕನೇ ವಾರ

ಮೂರನೇ ವಾರ ಏನೂ ಆಗಲಿಲ್ಲ. ಬಾಬ್‌ನ ಕೈಗೆ ಸಿಗದಿರಲೆಂದು ಎಫ್‌ಬಿಐಯವರು ಬಾರ್ಟ್‌ನ ಅಪ್ಪ ಹೋಮರ್‌ಗೆ ‘ನಿನ್ನ ಹೆಸರು ಇನ್ನು ಥಾಂಪ್ಸನ್’ ಅಂತ ಕಾಲು ತುಳಿದು ತುಳಿದು ಹೇಳಿಕೊಡುವ ದೃಶ್ಯ ನೋಡಿ ನಗುತ್ತಾ ಕೂತಿದ್ದೆ, ಅಷ್ಟೇ.

ಈ ವಾರ ರೇಕ್ ದೃಶ್ಯ. ಎಲೆ ಗುಡಿಸುವ ರೇಕ್. ಬಾಬ್ ಕಾರಿನ ಅಡಿಯಿಂದ ಹೊರಗೆ ಬರುತ್ತಾನೆ, ಅದರ ಹಲ್ಲಿನ ಮೇಲೆ ಕಾಲಿಡುತ್ತಾನೆ, ಹಿಡಿ ಎದ್ದು ಮುಖಕ್ಕೆ ಬಡಿಯುತ್ತದೆ. ಗೊಣಗುತ್ತಾನೆ. ತಿರುಗುತ್ತಾನೆ. ಇನ್ನೊಂದು ರೇಕ್. ಒಟ್ಟು ಒಂಬತ್ತು ಏಟು. ಮೂರನೆಯದಕ್ಕೆ ನಗು ಬಂತು, ಐದನೆಯದಕ್ಕೆ ಬೇಜಾರಾಯಿತು, ಏಳರಿಂದ ಮತ್ತೆ ತಡೆಯಲಾಗಲಿಲ್ಲ. ಅದೇ ಚಿತ್ರ, ಅದೇ ಗೊಣಗು. ಮೊದಲು ತಪ್ಪುಗಳ ಪಟ್ಟಿಯಲ್ಲಿ ‘ಹಳೇ ಚಿತ್ರ ಮತ್ತೆ ಮತ್ತೆ’ ಅಂತ ಬರೆದಿದ್ದೆ.

ಕಾರಣ ಬೇರೆಯೇ. ಎಪಿಸೋಡ್ ಉದ್ದ ಸಾಲಲಿಲ್ಲ. ಮೊದಲು ಇದ್ದದ್ದು ಒಂದೇ ಏಟು, ಸಮಯ ತುಂಬಿಸಲು ಒಂಬತ್ತು ಮಾಡಿದರು. ಅಷ್ಟೇ ಅಲ್ಲ. ಶುರುವಿನಲ್ಲಿ ಮನೆಯವರೆಲ್ಲ ಸೋಫಾಕ್ಕೆ ಓಡಿಬರುವ ಉದ್ದನೆಯ ದೃಶ್ಯ ಹಳೆಯ ಎಪಿಸೋಡ್ ‘ಲೀಸಾಸ್ ಫಸ್ಟ್ ವರ್ಡ್’ನಿಂದ ತಂದು ಹಾಕಿದ್ದು, ಅದೂ ಇದೇ ಕಾರಣಕ್ಕೆ. ಬಾರ್ಟ್‌ನನ್ನು ಕೊಲ್ಲಲು ಹೊರಟವರು ಯಾರು ಅಂತ ನಮ್ಮನ್ನು ದಾರಿ ತಪ್ಪಿಸುವ ತುಣುಕುಗಳೂ ಹಾಗೆ ಸೇರಿದವು. ಅವುಗಳಲ್ಲಿ ಒಂದು, ಪಕ್ಕದ ಮನೆಯ ಫ್ಲಾಂಡರ್ಸ್ ಬೆರಳಿಗೆ ಬ್ಲೇಡ್ ಸಿಕ್ಕಿಸಿಕೊಂಡು ಬೇಲಿ ಕತ್ತರಿಸುವುದು. 1984ರ ಭಯಾನಕ ಸಿನಿಮಾದ ಕೊಲೆಗಾರ ಫ್ರೆಡ್ಡಿ ಕ್ರೂಗರ್ ಅಂತ ನಾನು ಎರಡು ಗೆರೆ ಎಳೆದು ಗುರುತು ಹಾಕಿದ್ದೆ. ಅದು ತೇಪೆಯಂತೆ!

ಹಾಗಾಗಿ ಮೂರನೇ ಪಟ್ಟಿ ಒಂದು ಮಾಡಿದೆ. ಹೆಸರು ‘ತೇಪೆ’. ನನಗೆ ಇಷ್ಟವಾದ ಅರ್ಧ ದೃಶ್ಯಗಳು ಈಗ ಅಲ್ಲಿವೆ.

ಐದನೇ ವಾರ

ತಪ್ಪುಗಳ ಪಟ್ಟಿಯಲ್ಲಿ ಶಾಯಿಯಲ್ಲಿ ಬರೆದದ್ದು ಒಂದೇ ಉಳಿದಿತ್ತು. ಬಾಬ್ ಎದೆಯ ಮೇಲಿನ ಹಚ್ಚೆ, ‘ಡೈ ಬಾರ್ಟ್ ಡೈ’. ಇಂಗ್ಲಿಷಿನಲ್ಲಿ ‘ಸಾಯಿ ಬಾರ್ಟ್ ಸಾಯಿ’. ಪೆರೋಲ್ ವಿಚಾರಣೆಯಲ್ಲಿ ಅವನು ‘ಇದು ಜರ್ಮನ್’ ಅನ್ನುತ್ತಾನೆ, ಅಲ್ಲಿ ‘ಡೀ’ ಅಂದರೆ ಇಂಗ್ಲಿಷಿನ ‘ದಿ’. ಆದರೆ ಜರ್ಮನ್‌ನಲ್ಲಿ ‘ಬಾರ್ಟ್’ ಅಂದರೆ ಗಡ್ಡ, ಅದು ಪುಲ್ಲಿಂಗ. ‘ಡೇರ್ ಬಾರ್ಟ್’ ಆಗಬೇಕಿತ್ತು. ಸಿಕ್ಕಿಬಿದ್ದರು ಅಂತ ಹಿಗ್ಗಿದೆ.

ನಿನ್ನೆ ರಾತ್ರಿ ಮತ್ತೆ ನೋಡಿದೆ. ಅವನು ಹೇಳುತ್ತಿರುವುದು ಹಸಿ ಸುಳ್ಳು. ಸುಳ್ಳಿಗೆ ವ್ಯಾಕರಣ ತಪ್ಪಿದರೆ ಅದು ಯಾರ ತಪ್ಪು? ಆ ಸಾಲನ್ನೂ ಹೊಡೆದೆ. ಬಣ್ಣದ ಕೆಲವು ಅನುಮಾನ ಪೆನ್ಸಿಲ್‌ನಲ್ಲಿವೆ, ಒಳ್ಳೆಯ ಪ್ರತಿ ಸಿಗುವವರೆಗೆ ಮುಟ್ಟುವುದಿಲ್ಲ.

ಬಾಕಿ ಇರುವುದು ದೋಣಿ ಮನೆಯ ಭಾಗ. ಬಾರ್ಟ್ ಸಮಯ ತಳ್ಳಲು ‘ಎಚ್‌ಎಂಎಸ್ ಪಿನಫೋರ್’ ಪೂರ್ತಿ ಹಾಡು ಅಂತ ಕೇಳುತ್ತಾನೆ. ಗಿಲ್ಬರ್ಟ್ ಮತ್ತು ಸಲಿವನ್ ಅವರ 1878ರ ಸಂಗೀತ ನಾಟಕ. ಬಾಬ್ ನಿಜವಾಗಲೂ ಹಾಡುತ್ತಾನೆ, ವೇಷ ಸಮೇತ. ಯಾವ ಹಾಡಿನ ಯಾವ ಸಾಲು ಅಂತ ಗುರುತು ಮಾಡಿಕೊಳ್ಳಲು ಮೊದಲು ಆ ನಾಟಕ ಕೇಳಬೇಕು. ಇವತ್ತು ಮೊದಲ ಅಂಕ ಹಾಕಿದ್ದೇನೆ.