ಚೆನ್ನಾಗಿದ್ರೆ ಯಾಕೆ ಮುಚ್ಚಿಟ್ಟಿದ್ದಾರೆ?

ಮೊನ್ನೆ ಆಗಸ್ಟ್ 3, ನಮ್ಮ ಕೊಡಗಿನಲ್ಲಿ ಕಕ್ಕಡ ಹದಿನೆಂಟು, ಕಕ್ಕಡ ತಿಂಗಳಲ್ಲಿ ಮದ್ದುಸೊಪ್ಪು ತಿನ್ನುವ ದಿನ. ಪಕ್ಕದ ತೋಟದ ಅಜ್ಜ ಮದ್ದುಸೊಪ್ಪಿನ ಪಾಯಸ ತಂದಿದ್ದರು. ಮಳೆ ಬಿಟ್ಟಿರಲಿಲ್ಲ, ಕರೆಂಟ್ ಬೆಳಿಗ್ಗೆಯೇ ಹೋಗಿತ್ತು. ಡಬ್ಬದ ಮುಚ್ಚಳ ತೆಗೆದು ಆ ಘಮ ಕುಡಿಯುತ್ತಾ ನಿಂತಿದ್ದೆ, ಅಷ್ಟರಲ್ಲಿ ಮಗಳ ವಿಡಿಯೊ ಕಾಲ್ ಬಂತು.

ಅವಳು ಆಕ್ಸ್‌ಫರ್ಡ್‌ನಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷ ಆಯ್ತು. ಅವತ್ತು ಆಶ್ಮೋಲಿಯನ್ ಮ್ಯೂಸಿಯಂಗೆ ಹೋಗಿದ್ದಳು. ಚಿತ್ರ, ಶಿಲ್ಪ ಎಲ್ಲ ಇರುವ ದೊಡ್ಡ ಕಲಾ ಮ್ಯೂಸಿಯಂ ಅದು. "ಅಮ್ಮಾ, ಇದನ್ನ ನೋಡು" ಅಂತ ಫೋನ್ ತಿರುಗಿಸಿದಳು. ಗಾಜಿನ ಪೆಟ್ಟಿಗೆ, ಒಳಗೆ ಒಂದೇ ಒಂದು ಪಿಟೀಲು. ಕೆಂಪು ಮಿಶ್ರಿತ ಕಂದು ಬಣ್ಣ, ನಿನ್ನೆ ತಾನೇ ಮೆರುಗು ಹಚ್ಚಿದ ಹಾಗೆ. ಇಟಲಿಯ ಕ್ರೆಮೋನಾದಲ್ಲಿ ಸ್ಟ್ರಾಡಿವರಿ ಅನ್ನುವ ಹೆಸರಾಂತ ಪಿಟೀಲು ತಯಾರಕ 1716ರಲ್ಲಿ ಮಾಡಿದ್ದಂತೆ.

ಅಜ್ಜ ಕನ್ನಡಕ ಸರಿ ಮಾಡಿಕೊಂಡು ಫೋನಿನ ಹತ್ತಿರ ಬಂದರು.

"ಅದು ಕೆಟ್ಟಿದ್ಯಾ ಮಗಾ?"

"ಇಲ್ಲ ಅಜ್ಜ, ಹೊಸದರ ಹಾಗೇ ಇದೆ. ಯಾರೂ ಜಾಸ್ತಿ ನುಡಿಸೇ ಇಲ್ಲ."

"ಚೆನ್ನಾಗಿದ್ರೆ ಯಾಕೆ ಮುಚ್ಚಿಟ್ಟಿದ್ದಾರೆ?"

"ಅದು ಮ್ಯೂಸಿಯಂ ಅಜ್ಜ!"

ಅವಳ ದನಿಯಲ್ಲಿ ಸ್ವಲ್ಪ ಬೇಸರ ಇತ್ತು. ಒಂದು ವರ್ಷದಲ್ಲಿ ಅವಳಿಗೆ ಎಲ್ಲವನ್ನೂ ಬಿಡಿಸಿ ಹೇಳುವ ಅಭ್ಯಾಸ ಬಂದಿದೆ, ಕೇಳುವ ತಾಳ್ಮೆ ಕಡಿಮೆ ಆಗಿದೆ. ಅಜ್ಜನೂ ಸುಲಭದವರಲ್ಲ. ಕರಿಮೆಣಸಿನ ರೇಟಿನ ಮೇಲೆ ಅರ್ಧ ದಿನ ವಾದ ಮಾಡುವ ಮನುಷ್ಯ. ಆದರೆ ಅವತ್ತು ವಾದ ಮಾಡಲಿಲ್ಲ. ಸುಮ್ನೆ ಛತ್ರಿ ಬಿಚ್ಚಿಕೊಂಡು ಮಳೆಯಲ್ಲಿ ಹೊರಟುಬಿಟ್ಟರು.

ರಾತ್ರಿಯೆಲ್ಲ ನನಗೆ ಆ ಮಾತೇ. ಚೆನ್ನಾಗಿದ್ರೆ ಯಾಕೆ ಮುಚ್ಚಿಟ್ಟಿದ್ದಾರೆ?

ಮರುದಿನ ಮಗಳು ಒಂದಿಷ್ಟು ವಿಷಯ ಕಳಿಸಿದಳು, ನಾನೂ ಹುಡುಕಿ ಓದಿದೆ. ಆ ಪಿಟೀಲಿನ ಹೆಸರು 'ಮೆಸ್ಸಾಯ', ಬರಬೇಕಾದ ರಕ್ಷಕ ಅಂತ ಅರ್ಥ. 1737ರಲ್ಲಿ ಸ್ಟ್ರಾಡಿವರಿ ತೀರಿಕೊಂಡಾಗಲೂ ಅದು ಮಾರಾಟವಾಗದೆ ಅವನ ಕಾರ್ಖಾನೆಯಲ್ಲೇ ಇತ್ತಂತೆ. ಆಮೇಲೆ ತಾರಿಸಿಯೊ ಅನ್ನುವ ವ್ಯಾಪಾರಿಯ ಕೈಗೆ ಬಂತು. ಅವನು ಪ್ಯಾರಿಸ್ಸಿಗೆ ಹೋದಾಗಲೆಲ್ಲ ಅದರ ಬಗ್ಗೆ ಹೊಗಳಿಕೊಳ್ಳುತ್ತಿದ್ದ, ತಂದು ತೋರಿಸುತ್ತಿರಲಿಲ್ಲ. ಎಲ್ಲರೂ ಕಾಯುತ್ತಾರೆ, ಅದು ಮಾತ್ರ ಬರೋದೇ ಇಲ್ಲ ಅಂತ ಒಬ್ಬ ಪಿಟೀಲು ವಾದಕ ಅಂದಿದ್ದಕ್ಕೆ ಆ ಹೆಸರು ಬಂತು. ಕೊನೆಗೆ ಪಿಟೀಲು ವ್ಯಾಪಾರಿಗಳಾದ ಹಿಲ್ ಮನೆತನದವರು ಅದನ್ನು ಮ್ಯೂಸಿಯಂಗೆ ಕೊಟ್ಟರು. ಮುಂದೆ ಪಿಟೀಲು ಮಾಡುವವರಿಗೆ ನೋಡಿ ಕಲಿಯೋಕೆ ಸವೆಯದ ಒಂದಾದರೂ ಉಳಿಯಲಿ ಅಂತ. ಇದನ್ನು ಓದಿದ ಮೇಲೆ ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಒಳ್ಳೆಯ ಕಾರಣವೇ ಅಲ್ವಾ.

ನುಡಿಸಿದರೆ ಸವೆಯುತ್ತದೆ ಅನ್ನುವುದೂ ನಿಜ. ಪ್ರಪಂಚದಲ್ಲಿ ಉಳಿದಿರುವ ಅತಿ ಹಳೆಯ ಪಿಯಾನೊ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ, ಕ್ರಿಸ್ಟೊಫೊರಿ 1720ರಲ್ಲಿ ಮಾಡಿದ್ದು. ಅಂಥದನ್ನು ನುಡಿಸುವ ಹಾಗೆ ಮಾಡಬೇಕು ಅಂದರೆ ತಂತಿ, ಒಳಗಿನ ಮರ ಬದಲಿಸಬೇಕಾಗುತ್ತದೆ. ಬದಲಿಸುತ್ತಾ ಹೋದರೆ ಅವನು ಮಾಡಿದ್ದು ಎಷ್ಟು ಉಳಿಯುತ್ತದೆ? ನಮ್ಮ ಪಕ್ಕದ ಶ್ರೀರಂಗಪಟ್ಟಣದಿಂದ 1799ರಲ್ಲಿ ಹೊತ್ತುಕೊಂಡು ಹೋದ ಟಿಪ್ಪುವಿನ ಹುಲಿ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಮರದ ಹುಲಿ, ಹೊಟ್ಟೆಯೊಳಗೆ ಆರ್ಗನ್ ಕೊಳವೆಗಳು. ಮೊದಲು ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಇಟ್ಟಿದ್ದಾಗ ಬಂದವರೆಲ್ಲ ಹಿಡಿಕೆ ತಿರುಗಿಸಿ ತಿರುಗಿಸಿ, ಪಕ್ಕದ ಲೈಬ್ರರಿಯಲ್ಲಿ ಓದುವವರಿಗೆ ತಲೆ ಕೆಟ್ಟುಹೋಗಿತ್ತಂತೆ. ಸಿಕ್ಕಸಿಕ್ಕವರ ಕೈಗೆ ಕೊಡೋಕಾಗಲ್ಲ, ಒಪ್ಪುತ್ತೇನೆ.

ಆದರೆ ಇನ್ನೊಂದು ಕಡೆಯೂ ಇದೆ. ಹೆಸರಾಂತ ವಾದಕ ಪಗನೀನಿ ನುಡಿಸುತ್ತಿದ್ದ ಪಿಟೀಲು, ಗ್ವಾರ್ನೆರಿ 1743ರಲ್ಲಿ ಮಾಡಿದ್ದು, ಇಟಲಿಯ ಜಿನೋವಾ ಊರಿನ ವಶದಲ್ಲಿದೆ. ಅದನ್ನೂ ಗಾಜಿನೊಳಗೇ ಇಡುತ್ತಾರೆ, ಆದರೆ ಆಗಾಗ ಹೊರಗೆ ತೆಗೆದು ಪಿಟೀಲು ಸ್ಪರ್ಧೆಯಲ್ಲಿ ಗೆದ್ದ ಹುಡುಗ ಹುಡುಗಿಯರ ಕೈಗೆ ಕೊಟ್ಟು ಕಛೇರಿ ಮಾಡಿಸುತ್ತಾರೆ. ನನಗೆ ಇದು ತುಂಬಾ ಇಷ್ಟ ಆಯ್ತು. ಮಗಳಿಗೆ ಫೋನ್ ಮಾಡಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜ ಕೋಪ ಮಾಡ್ಕೊಂಡ್ರಾ ಅಮ್ಮಾ?" ಅಂದಳು.

ಖಾಲಿ ಡಬ್ಬ ಹಿಂದಿರುಗಿಸಬಾರದು ಅಂತ ಅಪ್ಪೆಮಿಡಿ ಉಪ್ಪಿನಕಾಯಿ ತುಂಬಿಕೊಂಡು ನಿನ್ನೆ ಅವರ ಮನೆಗೆ ಹೋದೆ. ಅಜ್ಜ ಅಡುಗೆಮನೆಯಲ್ಲಿ ಒಲೆ ಮುಂದೆ ಮಣೆ ಹಾಕಿಕೊಂಡು ಕೂತಿದ್ದರು. ತೊಡೆ ಮೇಲೆ ದುಡಿ. ನಡು ಸಣ್ಣ, ಎರಡು ಕಡೆ ತೊಗಲು, ಡಮರುವಿನ ಅಣ್ಣನ ಹಾಗೆ. ಅಟ್ಟದಿಂದ ಇಳಿಸಿದ್ದರು. ಒಂದು ಕಡೆ ಬೂಸ್ಟು ಹಿಡಿದಿತ್ತು. ಬಟ್ಟೆಯಿಂದ ಒರೆಸಿ ಒರೆಸಿ ಬೆಂಕಿಗೆ ಹಿಡಿಯುತ್ತಿದ್ದರು.

ನಾನು ಏನೂ ಕೇಳಲಿಲ್ಲ, ಅವರೇ ಶುರು ಮಾಡಿದರು. ಇದು ಅವರ ಅಜ್ಜನ ಕಾಲದ್ದು. ಮಾಡಿದವರು ಯಾರು ಅಂತ ಗೊತ್ತಿಲ್ಲ. ನಾಲ್ಕು ಜನ ಸೇರಿ ದುಡಿ ಬಾರಿಸಿಕೊಂಡು ಪುತ್ತರಿ ಸುಗ್ಗಿ ಹಬ್ಬಕ್ಕೆ, ಮದುವೆಗೆ ಹಾಡುತ್ತಿದ್ದರು. ಒಬ್ಬರು ಎಳೆದ ಸಾಲನ್ನು ಇನ್ನೊಬ್ಬರು ಹಿಡಿಯಬೇಕು. ಆ ನಾಲ್ವರಲ್ಲಿ ಇಬ್ಬರು ಹೋದರು. ಇನ್ನೊಬ್ಬರಿಗೆ ಕಿವಿ ಕೇಳಲ್ಲ. ಮಗ ಬೆಂಗಳೂರಲ್ಲಿ, ಮೊಮ್ಮಗನಿಗೆ ನಮ್ಮ ಕೊಡವ ತಕ್ಕ್ ಭಾಷೆ ಅರ್ಥ ಆಗುತ್ತೆ, ಹಾಡು ಬರಲ್ಲ.

"ಎಷ್ಟು ವರ್ಷ ಆಯ್ತು ಅಜ್ಜ, ಇಳಿಸಿ?"

"ಆರು." ಆಮೇಲೆ ದುಡಿಯನ್ನು ತಿರುಗಿಸಿ ನೋಡುತ್ತಾ ಅಂದರು, "ಇದೂ ಕೆಟ್ಟಿರಲಿಲ್ಲ."

ಆಗ ನನಗೆ ಅರ್ಥ ಆಯ್ತು. ಅವತ್ತು ಫೋನ್ ನೋಡುತ್ತಾ ಅವರು ಮಗಳನ್ನಷ್ಟೇ ಕೇಳಿರಲಿಲ್ಲ. ನಾನೇ ಪೆದ್ದಿ, ಮ್ಯೂಸಿಯಂ ಅಂದ್ರೆ ಏನು ಅಂತ ಅವರಿಗೆ ಗೊತ್ತಿಲ್ಲ ಅಂದುಕೊಂಡಿದ್ದೆ. ಮರ, ತೊಗಲು ಹೋದರೆ ಹೊಸದು ಮಾಡಿಸಬಹುದು. ಎಳೆದ ಸಾಲನ್ನು ಹಿಡಿಯುವ ಇನ್ನೊಂದು ಗಂಟಲನ್ನು ಎಲ್ಲಿಂದ ತರೋದು, ಯಾವ ಗಾಜಿನೊಳಗೆ ಇಡೋದು? ಇದನ್ನು ಯೋಚನೆ ಮಾಡಿದರೆ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗೆ ಆಗುತ್ತದೆ.

ಮೊಮ್ಮಗ ಪುತ್ತರಿಗೆ ಬರ್ತಾನಾ ಅಂತ ಕೇಳಿದೆ. "ಬರ್ತೀನಿ ಅಂದಿದ್ದಾನೆ. ಒಂದು ಹಾಡಾದ್ರೂ ಕಲಿಸ್ತೀನಿ" ಅಂದರು.

ಸಣ್ಣ ಕೋಲು ತೆಗೆದು ಒಂದು ಪೆಟ್ಟು ಕೊಟ್ಟರು. ಒದ್ದೆ ಚೀಲ ಬಡಿದ ಹಾಗೆ ದಬ್ ಅಂತು. ನಡುವಿನ ಹಗ್ಗ ಬಿಗಿ ಹಿಡಿದು ಇನ್ನೊಂದು. ಅದೇ ದಬ್.

"ಮಳೆಗೆ ತೊಗಲು ಸಡಿಲ ಆಗಿದೆ. ಇನ್ನೊಂದು ಗಂಟೆ ಬೆಂಕಿ ಬೇಕು" ಅಂದರು. "ನಿನಗೆ ಕೆಲಸ ಇದ್ಯಾ?"

ಇಲ್ಲ ಅಂದೆ. ಅಜ್ಜ ಒಲೆಗೆ ಇನ್ನೊಂದು ಕೊರಡು ನೂಕಿ, ಬೆಲ್ಲದ ಕಾಫಿಗೆ ನೀರಿಟ್ಟರು.