ಪೆನ್ಷನ್ ಬಂದ ಮೇಲೆ ಫ್ಯಾಕ್ಟರಿ ಗೇಟು: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಪೆನ್ಷನ್ ಬರ್ಲಕತ್ತದರಿ, ವಯಸ್ಸು ಇನ್ನೂ ನಲವತ್ತೇ. ಕಂಪನಿ ಸೆಕ್ಯೂರಿಟಿಗೆ ಹೋದ್ರ ಗಾರ್ಡ್ ಅಂತನೇ ನಿಲ್ಲಬೇಕೇನ್ರಿ?" ಸೇನೆ, ಬಿಎಸ್‌ಎಫ್, ಸಿಆರ್‌ಪಿಎಫ್ ಬಿಟ್ಟು ಕಲಬುರಗಿ, ಬೀದರ್, ಯಾದಗಿರಿ ಕಡೆಗೆ ಮರಳಿದವರೆಲ್ಲ ಕೇಳುವುದು ಇದನ್ನೇ.

ನಿಲ್ಲಬೇಕಿಲ್ಲ. ಮೊದಲ ದಿನವೇ ಸೂಪರ್‌ವೈಸರ್ ಹುದ್ದೆ ಕೇಳಿ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯೇ ನಿಮ್ಮ ಪರವಾಗಿದೆ: ಸೂಪರ್‌ವೈಸರ್ ನೇಮಿಸುವಾಗ ಸೇನೆ, ಕೇಂದ್ರದ ಸಶಸ್ತ್ರ ಪಡೆ ಅಥವಾ ಪೊಲೀಸಿನಲ್ಲಿ ಕನಿಷ್ಠ 3 ವರ್ಷ ದುಡಿದವರಿಗೆ ಏಜೆನ್ಸಿ ಆದ್ಯತೆ ಕೊಡಬೇಕು. ಏಜೆನ್ಸಿಗೆ ಈ ಕಾಯ್ದೆಯ ಲೈಸೆನ್ಸ್ ಇದೆಯೇ ಎಂದು ಕೇಳುವುದಕ್ಕೂ ಸಂಕೋಚ ಬೇಡ. ಲೈಸೆನ್ಸಿನ ಅವಧಿ 5 ವರ್ಷ, ಹಾಗಾಗಿ ಮುಗಿಯುವ ತಾರೀಖನ್ನೂ ನೋಡಿ.

ಆದರೆ ಹಳೆಯ ರ‍್ಯಾಂಕ್ ಹೇಳಿದ ಮಾತ್ರಕ್ಕೆ ಆ ಹುದ್ದೆ ಉಳಿಯುವುದಿಲ್ಲ. ಮಳಖೇಡ, ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳಲ್ಲಿ ಗೋಡೆ ಹಾರಿ ಬರುವ ಕಳ್ಳನಿಗಿಂತ ಕಾಟಾದ, ಅಂದರೆ ಲಾರಿ ತೂಗುವ ವೇಬ್ರಿಜ್ಜಿನ, ಮೇಲೆ ನಡೆಯುವ ಕಳವು ದೊಡ್ಡದು. ಅದನ್ನು ಹಿಡಿಯುವವನಿಗೆ ಬೆಲೆ. ಸಿಮೆಂಟ್ ಒಯ್ಯಲು ಬಂದ ಖಾಲಿ ಲಾರಿಯಲ್ಲಿ 200 ಲೀಟರ್ ನೀರಿನ ಡ್ರಮ್ಮು ಇದ್ದರೆ ಖಾಲಿ ತೂಕ 200 ಕೆ.ಜಿ. ಹೆಚ್ಚು ಬರುತ್ತದೆ. ಒಳಗೆ ನೀರು ಚೆಲ್ಲಿದರೆ 50 ಕೆ.ಜಿ.ಯ 4 ಚೀಲ ಹೆಚ್ಚಿಗೆ ಹೇರಿದರೂ ತೂಕದ ಚೀಟಿ ಸರಿಯಾಗಿಯೇ ಕಾಣುತ್ತದೆ. ಒಳಬರುವ ಕಲ್ಲಿದ್ದಲಿನಲ್ಲಿ ಇದೇ ಆಟ ತಿರುಗುಮುರುಗು: ತುಂಬಿದ ಲಾರಿ ತೂಗುವಾಗ ಡ್ರೈವರ್, ಕ್ಲೀನರ್, ನೀರು ಎಲ್ಲ ಮೇಲಿರುತ್ತವೆ, ಖಾಲಿ ತೂಗುವಾಗ ಎಲ್ಲ ಕೆಳಗೆ. ಅಷ್ಟೂ ತೂಕಕ್ಕೆ ಕಂಪನಿ ಕಲ್ಲಿದ್ದಲಿನ ದರ ಕೊಡುತ್ತದೆ.

ಆದ್ದರಿಂದ ಲಾರಿ ಹತ್ತುವ ಮೊದಲು ಕಾಟಾ ಸೊನ್ನೆ ತೋರಿಸುತ್ತಿದೆಯೇ ನೋಡಬೇಕು. ಎಲ್ಲ ಗಾಲಿಗಳೂ ಪ್ಲಾಟ್‌ಫಾರ್ಮಿನ ಮೇಲಿರಬೇಕು, ಎಂಜಿನ್ ಬಂದ್, ಜನ ಕೆಳಗೆ. ಸ್ಟೆಪ್ನಿ, ತಾಡಪತ್ರಿ, ಡ್ರಮ್ಮುಗಳನ್ನು ಎಣಿಸಿ ಎರಡೂ ತೂಕದ ಹೊತ್ತಿಗೆ ಬರೆದಿಡಬೇಕು. ಅದೇ ಲಾರಿಯ ಹಿಂದಿನ ಖಾಲಿ ತೂಕಗಳ ಜೊತೆ ಇಂದಿನದನ್ನು ಹೋಲಿಸಿ ನೋಡುವ ಅಭ್ಯಾಸವೊಂದಿದ್ದರೆ ಅರ್ಧ ಮೋಸ ಅಲ್ಲೇ ಸಿಕ್ಕಿಬೀಳುತ್ತದೆ. ಇದಕ್ಕೆ ಎಕ್ಸೆಲ್ ಬೇಕು. ಡಿಸ್ಚಾರ್ಜ್‌ಗೆ ಮುಂಚಿನ ತಿಂಗಳುಗಳಲ್ಲೇ ಕಲಿಯಿರಿ. ಸೇನೆಯವರಾದರೆ ಪುನರ್ವಸತಿ ಮಹಾನಿರ್ದೇಶನಾಲಯದ ಕೋರ್ಸುಗಳಿವೆ, ಕೇಂದ್ರ ಪಡೆಯವರಿಗೆ ಉದ್ಯೋಗಕ್ಕಾಗಿ 'ಸಿಎಪಿಎಫ್ ಪುನರ್ವಾಸ್' ಪೋರ್ಟಲ್ ಇದೆ.

ಬೀದರ್‌ನ ಕೊಳಾರ, ಯಾದಗಿರಿಯ ಕಡೇಚೂರಿನಲ್ಲಿ ಔಷಧ, ರಾಸಾಯನಿಕ ಘಟಕಗಳಿವೆ. ಅಲ್ಲಿ ಬೆಂಕಿ ನಂದಿಸುವ ತರಬೇತಿಗೆ ಹೆಚ್ಚು ಕಿಮ್ಮತ್ತು. ಆದರೆ ಎರಡೇ ವಾರದಲ್ಲಿ 'ಸೇಫ್ಟಿ ಡಿಪ್ಲೊಮಾ' ಕೊಡುತ್ತೇವೆ ಎನ್ನುವವರಿಗೆ ದುಡ್ಡು ಕಟ್ಟಬೇಡಿ. ಕಾರ್ಖಾನೆಯ ಸೇಫ್ಟಿ ಆಫೀಸರ್ ಹುದ್ದೆಗೆ ಸರ್ಕಾರ ಮಾನ್ಯ ಮಾಡಿದ ಡಿಪ್ಲೊಮಾ ಬೇಕು, ಅದಕ್ಕೂ ಮೊದಲು ತಾಂತ್ರಿಕ ಅಥವಾ ವಿಜ್ಞಾನದ ವಿದ್ಯಾರ್ಹತೆ ಬೇಕು.

ಎಡವುವ ಇನ್ನೊಂದು ಜಾಗ ಅಧಿಕಾರ. ಪೊಲೀಸಿನಲ್ಲಿದ್ದವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಗೇಟಿನಲ್ಲಿ ನಿಮಗಿರುವುದು ಸಾಮಾನ್ಯ ನಾಗರಿಕನ ಅಧಿಕಾರ ಮಾತ್ರ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮಿನಂತೆ, ಜಾಮೀನಿಲ್ಲದ ಸಂಜ್ಞೇಯ ಅಪರಾಧ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದದ್ದು) ಕಣ್ಣೆದುರೇ ನಡೆದರೆ ಹಿಡಿಯಬಹುದು. ತಡಮಾಡದೆ, 6 ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಕೋಣೆಯಲ್ಲಿ ಕೂರಿಸಿ ಎರಡೇಟು ಹಾಕಿ ವಿಚಾರಿಸಿದರೆ ಕೇಸು ನಿಮ್ಮ ಮೇಲೆಯೇ ಆಗುತ್ತದೆ.

ಈಗ ಸಂಬಳ. ಆಫರ್ ಲೆಟರಿನಲ್ಲಿ ದೊಡ್ಡದಾಗಿ ಬರೆದಿರುವುದು ಸಿಟಿಸಿ, ಅಂದರೆ ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು, ಮನೆಗೆ ಬರುವ ಹಣವಲ್ಲ. ಬೇಸಿಕ್ 15,000, ಭತ್ಯೆ ಸೇರಿ ಒಟ್ಟು 21,000 ಎಂದಿಟ್ಟುಕೊಳ್ಳಿ. ಇದಕ್ಕೆ ಕಂಪನಿ ತನ್ನ ಪಾಲಿನ ಪಿಎಫ್ ಮತ್ತು ಅದರ ಖರ್ಚು 1,950, ಇಎಸ್‌ಐ (ನೌಕರರ ಆರೋಗ್ಯ ವಿಮೆ) 683, ಗ್ರಾಚುಯಿಟಿ ಸುಮಾರು 721 ಸೇರಿಸಿ 24,354 ಎಂದು ತೋರಿಸುತ್ತದೆ. ನಿಮ್ಮ ಪಾಲಿನ ಪಿಎಫ್ 1,800, ಇಎಸ್‌ಐ 158 ಕಳೆದರೆ ಕೈಗೆ ಸಿಗುವುದು 19,042. ನಿಮಗೆ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಕಾರ್ಡ್ ಇದ್ದರೂ ಇಎಸ್‌ಐ ಕಡಿತ ತಪ್ಪುವುದಿಲ್ಲ. ಡ್ಯೂಟಿ 8 ಗಂಟೆಯೋ 12 ಗಂಟೆಯೋ ಎಂಬುದನ್ನೂ ಬರವಣಿಗೆಯಲ್ಲಿ ಪಡೆಯಿರಿ. 12 ಗಂಟೆ ನಿಲ್ಲಿಸಿಕೊಂಡು 8 ಗಂಟೆಯ ಸಂಬಳ ಕೊಡುವುದು ಈ ಕ್ಷೇತ್ರದ ಹಳೆಯ ಅನ್ಯಾಯ.

ಖಾಸಗಿ ಕೆಲಸಕ್ಕೆ ಸೇರಿದರೆ ಪೆನ್ಷನ್ ನಿಲ್ಲುವುದಿಲ್ಲ. ಆದರೆ ತೆರಿಗೆಗೆ ಎರಡೂ ಕೂಡುತ್ತವೆ. ಪೆನ್ಷನ್ ಕೊಡುವ ಕಚೇರಿಗೆ ಅಥವಾ ಬ್ಯಾಂಕಿಗೆ ನಿಮ್ಮ ಸಂಬಳ ಗೊತ್ತಿಲ್ಲ, ಕಂಪನಿಗೆ ಪೆನ್ಷನ್ ಗೊತ್ತಿಲ್ಲ. ಇಬ್ಬರೂ ತೆರಿಗೆಯಿಲ್ಲ ಎಂದುಕೊಂಡು ಬಿಟ್ಟರೆ ರಿಟರ್ನ್ ಸಲ್ಲಿಸುವಾಗ ಒಮ್ಮೆಲೇ ಕಟ್ಟಬೇಕಾದೀತು. ಸೇರಿದ ವಾರವೇ ಅಕೌಂಟ್ಸ್ ವಿಭಾಗಕ್ಕೆ ಪೆನ್ಷನ್ ಮೊತ್ತ ಬರೆದುಕೊಡಿ.

ಬಯೋಡೇಟಾದಲ್ಲಿ 'ಹವಾಲ್ದಾರ್, 17 ವರ್ಷ' ಎಂದಷ್ಟೇ ಬರೆದರೆ ಎಚ್‌ಆರ್‌ನವರಿಗೆ ಏನೂ ತಿಳಿಯದು. ಎಷ್ಟು ಜನರ ಡ್ಯೂಟಿ ಪಟ್ಟಿ ಹಾಕುತ್ತಿದ್ದಿರಿ, ಕೋತ್‌ನ (ಆಯುಧ ಕೋಣೆಯ) ಲೆಕ್ಕ ಎಷ್ಟು ವರ್ಷ ಇಟ್ಟಿರಿ, ಎಷ್ಟು ವಾಹನಗಳ ಉಸ್ತುವಾರಿ ಇತ್ತು, ಅದನ್ನು ಬರೆಯಿರಿ. ಡಿಸ್ಚಾರ್ಜ್ ಬುಕ್, ಪಿಪಿಒ (ಪೆನ್ಷನ್ ಪಾವತಿ ಆದೇಶ) ಮೂಲಪ್ರತಿಗಳನ್ನು ತೋರಿಸಿ, ಜೆರಾಕ್ಸ್ ಕೊಟ್ಟು, ಮೂಲವನ್ನು ಅದೇ ಹೊತ್ತಿಗೆ ವಾಪಸ್ ತನ್ನಿ. 'ಆಫೀಸಿನಲ್ಲಿ ಇರಲಿ' ಎನ್ನುವ ಏಜೆನ್ಸಿಗೆ ಸೇರಬೇಡಿ.