ಜಾಲಿಗಿಡದ ಕೆಳಗೆ ಒಂದು ಶನಿವಾರ

ದಾರಿ ಕಾಣದೆ ಸಿಕ್ಕಿಬಿದ್ದವರ ಜತೆ ಒಂದು ದಿನ ಕೂತು ಬೈಬಲ್ ಓದುವುದಕ್ಕೆ ಆಟಿ, ಅಂದರೆ ತುಳುನಾಡಿನ ಮಳೆಗಾಲದ ತಿಂಗಳಿನ ಶನಿವಾರವೇ ಒಳ್ಳೆಯದು. ಹೊರಗೆ ಕಾಲಿಡಲು ಮಳೆ ಬಿಡುವುದಿಲ್ಲ, ಮದುವೆ ಮನೆಗಳ ಗಡಿಬಿಡಿ ಇರುವುದಿಲ್ಲ, ಮರುದಿನ ಹೇಗೂ ಆರಾಧನೆಗೆ ಹೋಗಲಿಕ್ಕಿದೆ. ಗಲ್ಫಿನ ವೀಸಾ ಇವತ್ತು ಬರುತ್ತದೆ ನಾಳೆ ಬರುತ್ತದೆ ಎಂದು ಕಾಯುವವರು, ಸಿಎ ಪರೀಕ್ಷೆಯ ಒಂದೇ ಗ್ರೂಪಿನಲ್ಲಿ ನಿಂತುಹೋದವರು, ಅಂಗಡಿಯ ಶಟರ್ ಎಳೆದ ಮೇಲೂ ಸಾಲ ಮುಗಿಯದವರು ಮಂಗಳೂರಿನ ಯಾವ ಸಭೆಯಲ್ಲಾದರೂ ಸಿಗುತ್ತಾರೆ. ಅವರ ಜತೆ ಇಡೀ ದಿನ ಕೂತು ಓದುವುದು ಒಂದೇ ಅಧ್ಯಾಯ: 1 ಅರಸುಗಳು 19, ಎಲೀಯ ಎಂಬ ಪ್ರವಾದಿ ಸೋತು ಕೂತ ಕಥೆ.

ಹೆಚ್ಚಿನವರು ಬರುವಾಗ ಯೆರೆಮೀಯ 29:11 ಹಿಡಿದುಕೊಂಡೇ ಬರುತ್ತಾರೆ: ನಿಮಗೆ ಒಳ್ಳೆಯ ಭವಿಷ್ಯ ಕೊಡುವುದೇ ನನ್ನ ಯೋಚನೆ ಎಂದು ದೇವರು ಹೇಳುವ ಮಾತು. ಒಳ್ಳೆಯ ವಚನ, ಕ್ಯಾಲೆಂಡರಿನಲ್ಲೂ ಇರುತ್ತದೆ, ಫ್ರಿಜ್ಜಿನ ಬಾಗಿಲಲ್ಲೂ ಇರುತ್ತದೆ. ಆದರೆ ಅದು ಬಾಬೆಲಿಗೆ ಸೆರೆಹೋದವರಿಗೆ ಯೆರೆಮೀಯ ಬರೆದ ಪತ್ರದ ಮಾತು; ಅದರ ಹಿಂದಿನ ವಚನ ಅಲ್ಲಿ 70 ವರ್ಷ ಕಳೆಯಬೇಕು ಅನ್ನುತ್ತದೆ. ಅದಕ್ಕೂ ಮೊದಲು ಮನೆ ಕಟ್ಟಿ, ತೋಟ ಮಾಡಿ, ಅದರ ಹಣ್ಣು ತಿನ್ನಿ ಎಂದಿದೆ. ಸೋಮವಾರ ವೀಸಾ ಬರುತ್ತದೆ ಎಂದು ಹೇಳುವ ಪತ್ರ ಅದಲ್ಲ. ಹಾಗಾಗಿ ಮೊದಲು ಎಲೀಯ.

ದಿನ ಶುರುವಾಗುವುದು ಶುಕ್ರವಾರ ರಾತ್ರಿ. ಫೋನು ಬೇರೆ ಕೋಣೆಯಲ್ಲಿ, ನಿದ್ದೆ ಹತ್ತರೊಳಗೆ. ರಾಣಿ ಈಜೆಬೆಲಳ ಬೆದರಿಕೆಗೆ ಓಡಿದ ಎಲೀಯ ಬೇರ್ಷೆಬದಲ್ಲಿ ಆಳನ್ನು ಬಿಟ್ಟು, ಒಂದು ದಿನದ ದಾರಿ ಒಬ್ಬನೇ ಅರಣ್ಯಕ್ಕೆ ನಡೆದು, ಜಾಲಿಗಿಡದ ಕೆಳಗೆ ಕೂತು ಸಾಯಲು ಬೇಡಿಕೊಳ್ಳುತ್ತಾನೆ. ದೇವದೂತ ಬಂದು ಪ್ರಸಂಗ ಮಾಡುವುದಿಲ್ಲ. ಮುಟ್ಟಿ ಎಬ್ಬಿಸುತ್ತಾನೆ; ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು. ತಿಂದು ಮತ್ತೆ ಮಲಗಿದವನನ್ನು ಎರಡನೇ ಸಲ ಎಬ್ಬಿಸಿದಾಗಲೂ ಮಾತು ಅಷ್ಟೇ: ಎದ್ದು ತಿನ್ನು, ದಾರಿ ನಿನ್ನ ಶಕ್ತಿಗೆ ಮೀರಿದ್ದು.

ಅದಕ್ಕೇ ಆ ದಿನ ಉಪವಾಸ ಬೇಡ ಎನ್ನುತ್ತೇವೆ. ಇಲ್ಲಿ ದೊಡ್ಡ ಜಗಳವೇ ಆಗುತ್ತದೆ, ಹರಕೆ ಹೊತ್ತು ಬಂದವರು ಒಪ್ಪುವುದಿಲ್ಲ. ವಾರಗಟ್ಟಲೆ ನಿದ್ದೆಗೆಟ್ಟ ದೇಹ ಉಪವಾಸ ಕೂತರೆ ಹನ್ನೊಂದು ಗಂಟೆಗೆ ತಲೆನೋವು, ಹನ್ನೆರಡಕ್ಕೆ ಸಿಟ್ಟು, ಮೂರಕ್ಕೆ 'ದೇವರು ನನ್ನ ಜತೆ ಮಾತಾಡುತ್ತಿಲ್ಲ' ಎಂಬ ತೀರ್ಮಾನ. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ, ಎರಡು ಲೋಟ ನೀರು. ಉಪವಾಸವನ್ನು ಗಟ್ಟಿಯಾಗಿರುವಾಗ ಮಾಡಬಹುದು.

ಎಲೀಯನ ಹಾಗೆ ಸಾವಿನ ಮಾತು ಬರುತ್ತಿದ್ದರೆ ಮಾತ್ರ ಈ ಕ್ರಮವೆಲ್ಲ ಬದಿಗೆ. ಅಂಥವರನ್ನು ಒಬ್ಬರನ್ನೇ ಬಿಡಬಾರದು, ಅವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು. ನಡುರಾತ್ರಿಯಾದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಎರಡು ವಾರಕ್ಕಿಂತ ಹೆಚ್ಚು ನಿದ್ದೆ, ಊಟ, ಆಸಕ್ತಿ ಎಲ್ಲ ಹೋಗಿದ್ದರೂ ವೈದ್ಯರನ್ನು ಕಾಣಬೇಕು. ಅದನ್ನು ವಿಶ್ವಾಸದ ಕೊರತೆ ಎಂದು ಹೇಳುವವರ ಮಾತಿಗೆ ಕಿವಿ ಕೊಡಬೇಡಿ.

ಗಂಜಿಯಾದ ಮೇಲೆ ಕೆಲಸ. ಎಲೀಯ ನಡೆದು ಮುಟ್ಟಿದ ಹೋರೇಬ್ ಬೆಟ್ಟದ ಗವಿಯಲ್ಲಿ ದೇವರು ಕೇಳುವ ಪ್ರಶ್ನೆ ಒಂದೇ: ಎಲೀಯನೇ, ಇಲ್ಲೇನು ಮಾಡುತ್ತೀ? ಅದಕ್ಕೆ ನಮ್ಮ ಉತ್ತರವನ್ನು ಒಂದು ಪುಟ ಬರೆಯುವುದು. ಕೈಯಲ್ಲೇ ಬರೆಯಬೇಕು, ಇಪ್ಪತ್ತು ನಿಮಿಷ. ಅಚ್ಚು ಬೇಕಾದರೆ 13ನೇ ಕೀರ್ತನೆ ಇದೆ. ಇರುವುದೇ ಆರು ವಚನ: ಮೊದಲ ಎರಡು 'ಎಷ್ಟರ ತನಕ' ಎಂಬ ದೂರು, ಅದೂ ನಾಲ್ಕು ಸಲ, ನಡುವಿನ ಎರಡು ಬೇಡಿಕೆ, ಕೊನೆಯ ಎರಡು ಭರವಸೆ. ಕೆಡುವುದು ಎಲ್ಲಿ ಅಂದರೆ, ನಮ್ಮವರು ಮೊದಲ ಸಾಲಿನಲ್ಲೇ ಭರವಸೆ ಬರೆದುಬಿಡುತ್ತಾರೆ. ಪ್ರಾರ್ಥನಾಕೂಟದ ಭಾಷೆ ಕೈಗೆ ಅಂಟಿರುತ್ತದೆ, ಸಾಲ ಕೊಟ್ಟವನ ಹೆಸರೂ ಬರುವುದಿಲ್ಲ, ಮೊತ್ತವೂ ಬರುವುದಿಲ್ಲ. ಎಷ್ಟು ಲಕ್ಷ, ಯಾರಿಗೆ, ಯಾವ ತಿಂಗಳಿಂದ ಬಾಕಿ ಎಂದು ಬರೆಯಿರಿ. ಕೊನೆಯ ಭರವಸೆಯ ಸಾಲು ಬಾರದಿದ್ದರೆ ಬಿಡಿ. 88ನೇ ಕೀರ್ತನೆಯೂ ಕತ್ತಲೆಯಲ್ಲೇ ಮುಗಿಯುತ್ತದೆ, ಅದನ್ನು ಯಾರೂ ಬೈಬಲಿನಿಂದ ತೆಗೆದಿಲ್ಲ.

ಮಧ್ಯಾಹ್ನ ಊಟ, ಒಂದು ಗಂಟೆ ನಿದ್ದೆ. ಮೂರು ಗಂಟೆಗೆ ಅದೇ ಪ್ರಶ್ನೆಗೆ ಇನ್ನೊಂದು ಪುಟ, ಬೆಳಗಿನದ್ದನ್ನು ನೋಡದೆ.

ಇದಕ್ಕೆ ಕಾರಣ ಅಧ್ಯಾಯದಲ್ಲೇ ಇದೆ. ಗಾಳಿ ಬೀಸಿತು, ಭೂಮಿ ನಡುಗಿತು, ಬೆಂಕಿ ಬಂತು, ಕೊನೆಗೆ ಮೆಲ್ಲನೆಯ ಸದ್ದು. ಇಷ್ಟೆಲ್ಲ ಆದ ಮೇಲೆ ದೇವರು ಮತ್ತೆ ಅದೇ ಪ್ರಶ್ನೆ ಕೇಳಿದರೆ ಎಲೀಯ ಕೊಡುವ ಉತ್ತರ 10ನೇ ವಚನದ್ದೇ, 14ರಲ್ಲಿ ಮಾತಿಗೆ ಮಾತು. ಸಿಕ್ಕಿಬಿದ್ದವರ ಗುರುತೇ ಇದು. ಏನು ಕಂಡರೂ ಕೇಳಿದರೂ ಪುಟ ಬದಲಾಗುವುದಿಲ್ಲ. ರಾತ್ರಿಯಿಡೀ ಸ್ತುತಿಗೀತೆ ಹಾಡಿ ಬಂದವರ ಪುಟವೂ ಹೀಗೇ ಇರುತ್ತದೆ.

ಎರಡು ಪುಟ ಅಕ್ಕಪಕ್ಕ ಇಟ್ಟು, ಎರಡರಲ್ಲೂ ಬಂದ ವಾಕ್ಯಗಳಿಗೆ ಗೆರೆ ಹಾಕಿ. ಅವುಗಳಲ್ಲಿ ಹೆಚ್ಚಾಗಿ ಒಂದು ನಿಜವಾಗಿರುವುದಿಲ್ಲ. ಎಲೀಯ 'ನಾನೊಬ್ಬನೇ ಉಳಿದಿದ್ದೇನೆ' ಅನ್ನುತ್ತಾನಲ್ಲ, ಹಿಂದಿನ ಅಧ್ಯಾಯದ 13ನೇ ವಚನ ತೆಗೆದರೆ ಅರಮನೆಯ ಅಧಿಕಾರಿ ಓಬದ್ಯ ಅವನ ಮುಖಕ್ಕೇ ಹೇಳಿದ್ದಾನೆ: ನೂರು ಪ್ರವಾದಿಗಳನ್ನು ಐವತ್ತೈವತ್ತರಂತೆ ಗವಿಗಳಲ್ಲಿ ಅಡಗಿಸಿ ಅನ್ನ ನೀರು ಕೊಟ್ಟು ಸಾಕಿದ್ದೇನೆ ಎಂದು. ಎಲೀಯನಿಗೆ ಆ ಸುದ್ದಿ ಗೊತ್ತಿತ್ತು, ಆಯಾಸದಲ್ಲಿ ಲೆಕ್ಕಕ್ಕೆ ಬರಲಿಲ್ಲ. ತನಗೆ ನಿಷ್ಠರಾಗಿ ಉಳಿದವರು ಎಂದು ದೇವರು ಕೊಡುವ ಲೆಕ್ಕ ಏಳು ಸಾವಿರ. 'ನನಗೆ ಯಾರೂ ಇಲ್ಲ', 'ಎಲ್ಲ ಬಾಗಿಲೂ ಮುಚ್ಚಿದೆ' ಎಂದು ಬರೆದವರಿಗೆ ಯಾರನ್ನು ಕೇಳಿದ್ದೀರಿ, ಯಾವಾಗ, ಅವರು ಏನೆಂದರು ಎಂದು ಕೇಳುತ್ತೇವೆ. ಹೆಚ್ಚಿನ ಸಲ ಕೇಳಿಯೇ ಇರುವುದಿಲ್ಲ, ನಾಚಿಕೆ.

ಸಂಜೆಯ ಚಹಾದ ಹೊತ್ತಿಗೆ ಕೊನೆಯ ಭಾಗ. ಎಲೀಯನಿಗೆ ಸಿಕ್ಕ ಕೆಲಸ ಮೂರು: ಹಜಾಯೇಲನನ್ನು ಅರಾಮ್ ದೇಶಕ್ಕೆ, ಯೇಹುವನ್ನು ಇಸ್ರಾಯೇಲಿಗೆ ಅರಸನಾಗಿ, ಎಲೀಷನನ್ನು ಪ್ರವಾದಿಯಾಗಿ ಅಭಿಷೇಕಿಸುವುದು. ಅವನ ಕೈಯಿಂದ ಆದದ್ದು ಮೂರನೆಯದು ಮಾತ್ರ, ಹನ್ನೆರಡನೇ ಜೋಡಿ ಎತ್ತಿನ ಹಿಂದೆ ಉಳುತ್ತಿದ್ದ ಎಲೀಷನ ಮೇಲೆ ಕಂಬಳಿ ಹಾಕಿದ್ದು. ಉಳಿದೆರಡು ಎಲೀಷನ ಕಾಲದಲ್ಲಿ ನಡೆದವು. ಆದ್ದರಿಂದ ಬರೆಯಬೇಕಾದ ಕೆಲಸವೂ ಒಂದೇ. ಅದರಲ್ಲಿ ಒಬ್ಬ ಮನುಷ್ಯನ ಹೆಸರಿರಬೇಕು, ಸೋಮವಾರ ಮಧ್ಯಾಹ್ನದೊಳಗೆ ಮುಗಿಯುವಂತಿರಬೇಕು. 'ಸಾಲ ತೀರಿಸಬೇಕು' ಕೆಲಸವಲ್ಲ, ಆಸೆ. 'ಸೋಮವಾರ ಹನ್ನೊಂದಕ್ಕೆ ಸೊಸೈಟಿಯ ಮ್ಯಾನೇಜರನ್ನು ಕಂಡು ಕಂತು ಇಳಿಸಲು ಅರ್ಜಿ ಕೊಡುವುದು' ಕೆಲಸ.

ಈ ಹಂತದಲ್ಲಿ ಕೆಲವರು ಕಣ್ಣುಮುಚ್ಚಿ ಬೈಬಲ್ ತೆರೆದು ಬೆರಳಿಟ್ಟ ವಚನವನ್ನು ಉತ್ತರ ಎಂದುಕೊಳ್ಳುತ್ತಾರೆ. ಬೆರಳು ವಂಶಾವಳಿಯ ಮೇಲೆ ಬಿದ್ದರೆ ಇನ್ನೊಮ್ಮೆ ತೆರೆಯುತ್ತಾರೆ. ಬೇಕಾದದ್ದು ಸಿಗುವ ತನಕ ತೆರೆಯುವುದಾದರೆ ಅದು ಕೇಳುವುದಲ್ಲ.

ನಮ್ಮೂರಿನದ್ದೇ ಒಂದು ಸಂಗತಿ ಇಲ್ಲಿ ಹೇಳುವುದುಂಟು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾದವರಿಗೆ ಮನೆಯೂ ಹೋಯಿತು, ಕುಲಕಸುಬೂ ಹೋಯಿತು, ಹೊಟ್ಟೆಪಾಡಿಗೆ ದಾರಿ ಇಲ್ಲದಾಯಿತು. ಬೇಸಾಯಕ್ಕೆ ಕೈ ಹಾಕಿದರು, ಕೈಗೂಡಲಿಲ್ಲ. ನೇಯ್ಗೆ ಹಿಡಿದರು, ಮುದ್ರಣ ಹಿಡಿದರು. ಮುದ್ರಣದ ಕೆಲಸಕ್ಕೆಂದು ಬಂದ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿಯ ಬದಿಯ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ನಡುವೆ 31 ವರ್ಷ. ಮೊದಲ ವರ್ಷ ಬಿತ್ತನೆಗೆ ಇಳಿದವರ ಪ್ರಾರ್ಥನೆಯಲ್ಲಿ ಹೆಂಚು ಇದ್ದಿರಲಾರದು.

ಭಾನುವಾರ ಆರಾಧನೆ ಮುಗಿದ ಮೇಲೆ ಒಬ್ಬರಿಗೆ ಆ ಕೆಲಸ ಬರೆದ ಚೀಟಿ ತೋರಿಸಬೇಕು. 'ನನಗಾಗಿ ಪ್ರಾರ್ಥಿಸಿ' ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ. 'ನಾಳೆ ಸಂಜೆ ಆರಕ್ಕೆ ಫೋನು ಮಾಡಿ, ಹೋಗಿದ್ದೆಯಾ ಎಂದು ಕೇಳಿ' ಅನ್ನಿ. ಕೇಳುವವರು ಸ್ವಲ್ಪ ಬಿಗಿಯವರಾದರೆ ಒಳ್ಳೆಯದು, ಅತ್ತೆಯಾದರೂ ಅಡ್ಡಿಯಿಲ್ಲ. ಅರ್ಜಿ ತಿರಸ್ಕಾರವಾದರೆ ಅಲ್ಲಿ ಬರೆದುಕೊಟ್ಟ ಉತ್ತರವನ್ನೇ ತನ್ನಿ, ಮುಂದಿನ ಹೆಸರನ್ನು ಅದರ ಬೆನ್ನಲ್ಲೇ ಬರೆಯಬಹುದು.